ಕೆಮ್ಮಿಸಿ ಕೇಳು

ಕಾಲ್ಬೆರಳು, ಹೊದಿಕೆಯ ತುದಿಯಿಂದ ಇಣುಕಿದ ಬೆರಳುಗಳೆಲ್ಲ ಒಳಕ್ಕೆ ಮುದುಡಿಕೊಂಡಿವೆ, ಬಾಯಿ ಮಾತ್ರ ನಗುತ್ತಿದೆ, ನಿನ್ನೆಯಷ್ಟೇ ಪಿತ್ತಕೋಶ ತೆಗೆಸಿಕೊಂಡ ದರ್ಜಿ ಹೆಂಗಸು, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಮ್ಮ ಅಂದರೆ ಸೊನ್ನೆ ಸಿಸ್ಟರ್, ಏನೂ ಇಲ್ಲ, ಅನ್ನುತ್ತಾಳೆ — ಆ ಸೊನ್ನೆಗಿಷ್ಟು ಬೆಂಕಿ ಹಾಕ, ಎಂದುಕೊಂಡಳು ನರ್ಸಮ್ಮ, ಮೂವತ್ತೈದು ವರ್ಷದಿಂದ ಇಂಥ ಸೊನ್ನೆಗಳನ್ನು ಎಷ್ಟು ಕಂಡಿಲ್ಲ, ಆಗೆಲ್ಲ ಅಂಕಿಯಾದರೂ ಎಲ್ಲಿತ್ತು, ದೊಡ್ಡಕ್ಕನ ಕಣ್ಣೇ ಅಳತೆಗೋಲು — ವಾರ್ಡಿನ ಹಿರಿಯ ಸಿಸ್ಟರನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ — ಗಂಜಿ ಹಾಕಿದ ಟೊಪ್ಪಿಗೆ, ಕುದಿಯುವ ನೀರಿನಲ್ಲಿ ಕಿಣಿಕಿಣಿ ಎನ್ನುವ ಗಾಜಿನ ಸಿರಿಂಜುಗಳು, ಎಂಥ ಚೆಂದದ ದಿನಗಳವು, ದೊಡ್ಡಕ್ಕನ ಬೈಗುಳವೂ ಚೆಂದ, ಮಲಗಿಸಿಕೊಂಡು ಕೇಳ್ತೀಯಲ್ಲೇ ಪೆದ್ದಿ, ಅಲ್ಲಾಡದೆ ಬಿದ್ಕೊಂಡಿದ್ರೆ ಯಾರಿಗೆ ಗೊತ್ತಾಗುತ್ತೆ, ಕೆಮ್ಮಿಸಿ ಕೇಳು. ಸೊನ್ನೆ ಎಂದು ಬರೆದರೆ ಡಾಕ್ಟರು ಮದ್ದು ನಿಲ್ಲಿಸಿಬಿಡುತ್ತಾರೆ, ನೋವಿಗೆ ಹೆದರಿ ಇವಳು ಕೆಮ್ಮುವುದಿಲ್ಲ, ಕಫ ಕಟ್ಟಿ ಎದೆ ಹಿಡಿಯುತ್ತದೆ, ಪಕ್ಕದಲ್ಲಿ ಮಗಳು ಬೇರೆ, ಅಮ್ಮ ಸೊನ್ನೆ ಎಂದೊಡನೆ ನಿಟ್ಟುಸಿರು ಬಿಟ್ಟಳಲ್ಲ — ಓಹೋ, ಇಲ್ಲಿದೆ ಗುಟ್ಟು — ಹೋಗಮ್ಮ, ಕೆಳಗಿಂದ ಬಿಸಿನೀರು ತಗೊಂಡು ಬಾ, ಅವಸರವೇನಿಲ್ಲ, ಬಾಗಿಲು ಮುಚ್ಚಿತು, ಎರಡೂ ಕೈಯಲ್ಲಿ ಹೊಟ್ಟೆ ಒತ್ತಿ ಹಿಡ್ಕೋ, ಹಾಂ, ಹಾಗೆ, ಈಗೊಂದು ಸಲ ಕೆಮ್ಮು ನೋಡೋಣ — ದರ್ಜಿಯ ಕಣ್ಣಲ್ಲಿ ದಳದಳ ನೀರು, ಎಂಟು ಸಿಸ್ಟರ್, ಒಂಬತ್ತೇ ಅನ್ನಿ, ಅವಳಿಗೆ ಹೇಳ್ಬೇಡಿ, ಅತ್ತುಬಿಡ್ತಾಳೆ. ಒಂಬತ್ತು ಎಂದೇ ಬರೆದಳು, ಡಾಕ್ಟರು ಬರೆದಿಟ್ಟಿದ್ದ ಇಂಜೆಕ್ಷನ್ ಕೊಟ್ಟಳು, ಅರ್ಧ ಗಂಟೆ ಬಿಟ್ಟು ಮಗಳನ್ನು ಇನ್ನೊಂದು ನೆಪ ಹೇಳಿ ಹೊರಗಟ್ಟಿ ಮತ್ತೆ ಕೆಮ್ಮಿಸಿದಳು, ಮೂರು, ನಿಮ್ಮಾಣೆ ಮೂರೇ, ಬೆರಳುಗಳೂ ಸಡಿಲಾಗಿವೆ, ಇನ್ನು ಮುಂದಿನ ಹಾಸಿಗೆಗೆ ಹೋಗಬೇಕು.

ಹೋಗಬೇಕು, ಕಾಲು ಏಳುತ್ತಿಲ್ಲ — ಅವತ್ತು ತನ್ನಮ್ಮನಿಗೂ ಹೊಟ್ಟೆಯ ಆಪರೇಷನ್, ತಾನು ಹೊಸ ಸಮವಸ್ತ್ರ ತೊಟ್ಟ ತರಬೇತಿ ಹುಡುಗಿ, ನೋವಿದೆಯೇನಮ್ಮ, ಇಲ್ಲ ಕಣೇ, ಈ ಬಟ್ಟೇಲಿ ಎಷ್ಟು ಚೆನ್ನಾಗಿ ಕಾಣ್ತೀಯೇ, ಹೋಗು, ಊಟ ಮಾಡು, ಕೇಳಿದವಳು ಮಗಳಲ್ಲವೇ, ಇನ್ನೇನು ಹೇಳಿಯಾಳು, ನೋವಿಲ್ಲ ಎಂದು ದುಂಡಗೆ ಬರೆದು ಹೊಟ್ಟೆ ತುಂಬ ಊಟ ಮಾಡಿದ್ದಳು, ಬರೆದದ್ದನ್ನು ನಂಬಿ ಯಾರೂ ಮದ್ದು ಕೊಡಲಿಲ್ಲ, ಸಂಜೆ ದೊಡ್ಡಕ್ಕ ಬಂದು ಅಮ್ಮನನ್ನು ಮಗ್ಗುಲಿಗೆ ಹೊರಳಿಸಿದಾಗ — ಅಮ್ಮ ಹುಷಾರಾಗಿ ಮನೆಗೆ ಬಂದಳು, ಆಮೇಲೆ ಇಪ್ಪತ್ತು ವರ್ಷ ನಗುನಗುತ್ತ ಬಾಳಿದಳು, ಒಂದು ದಿನವೂ ಆ ಮಾತೆತ್ತಲಿಲ್ಲ, ಆದರೂ ಯಾರು ಸೊನ್ನೆ ಎಂದರೂ ಕಣ್ಣೆದುರು ಅದೇ, ದಿಂಬಿನ ಮೂಲೆ, ಅಮ್ಮ ಕಚ್ಚಿ ಕಚ್ಚಿ ಬಟ್ಟೆ ಹರಿದು ಒದ್ದೆ ಹತ್ತಿ ಹೊರಬಂದ ಆ ಮೂಲೆ, ದಿಂಬಿನ ಮೂಲೆ —