ಸಾವ್ಲಾದ ಮುಂಗಾಲು

ನನ್ನ ಗಂಡ ನೂಯ್ ಮೂವತ್ತು ವರ್ಷ ಕಾಡಿನಲ್ಲಿ ಬೇಟೆಗೆ ತಂತಿಯ ಉರುಲು ಹಾಕಿದವನು. ನೇರ ಕೊಂಬಿನ, ಜಿಂಕೆಯಂಥ ಸಾವ್ಲಾ ಎಂಬ ಮೃಗವನ್ನು ಜೀವಂತ ಕಂಡವನು ನಮ್ಮೂರಲ್ಲಿ ಅವನೊಬ್ಬನೇ. ಕಂಡದ್ದೂ ತನ್ನ ಉರುಲಿನಲ್ಲೇ, ಮುಂಗಾಲು ಸಿಕ್ಕಿಕೊಂಡು ನಿಂತಿದ್ದಾಗ. ಆ ಕಣ್ಣು ಮರೆಯಲಾಗದೆ ಕಸುಬು ಬಿಟ್ಟ. ಹೋದ ವರ್ಷ ಊರ ಗಂಡಸರೂ ಇನ್ನು ಉರುಲು ಹಾಕುವುದಿಲ್ಲವೆಂದು ಅಕ್ಕಿಹೆಂಡದ ಗಡಿಗೆ ಮುಟ್ಟಿ ಆಣೆ ಮಾಡಿ, ತಮ್ಮ ಉರುಲುಗಳನ್ನೆಲ್ಲ ತಂದು ಅವನ ಮುಂದೆ ಸುರಿದರು. ಎಂಟು ತಿಂಗಳು ಕೂತು ಆ ತಂತಿಯಿಂದಲೇ ಆಳೆತ್ತರದ ಸಾವ್ಲಾ ಹೆಣೆದ. ಅದು ಪ್ರಾವ್ ಪೇಟೆಯ ಚೌಕದಲ್ಲಿ ನಿಲ್ಲಬೇಕು, ನೋಡಿದವರು ಕಾಡಿನಲ್ಲಿ ಉಳಿದವನ್ನಾದರೂ ಬದುಕಲು ಬಿಡಬೇಕು, ಅದೊಂದೇ ಅವನ ಹಟ.

ಒಂದು ಮುಂಗಾಲನ್ನು ಮಾತ್ರ ಪೇಟೆಯ ವೆಲ್ಡಿಂಗಿನವನು, "ಬೇಗ ಮುಗಿಸ್ಕೊಡ್ತೀನಿ" ಎಂದು ಅಂಟಿಸಿಕೊಟ್ಟಿದ್ದ. ಮೃಗ ಹೊತ್ತ ಲಾರಿಯ ಹಿಂದೆ ಊರ ಗಂಡಸರೆಲ್ಲ ಬೈಕುಗಳಲ್ಲಿ ಬಂದರು. ಚೌಕದಲ್ಲಿ ಲಾರಿಯಿಂದ ಇಳಿಸುವಾಗ ಅದೇ ಕಾಲು ಕಳಚಿ ಬಿತ್ತು. ಮೃಗ ಮುಗ್ಗರಿಸಿತು. ಅದನ್ನು ನಿಲ್ಲಿಸಿಕೊಳ್ಳಲು ಬಂದಿದ್ದ ಜಿಲ್ಲೆಯ ಅಧಿಕಾರಿ ಗಡಿಯಾರ ನೋಡಿಕೊಂಡ.

"ಕೆಡವೋದೊಂದೇ ಗೊತ್ತು ಈ ಗುಡ್ಡದವ್ರಿಗೆ," ಎಂದರು ಪೇಟೆಯವರು ಯಾರೋ. ನನಗೆ ಮೈಯೆಲ್ಲ ಉರಿಯಿತು.

"ತಂತಿ ಬೇಕು," ಎಂದ ನೂಯ್. "ಉರುಲಿಂದೇ ಆಗ್ಬೇಕು. ಅಂಗಡಿ ತಂತಿ ಹಾಕಿದ್ರೆ ಇದು ಸುಳ್ಳು ಮೃಗ."

"ಎಲ್ಲಾ ಕೊಟ್ಟಾಯ್ತಲ್ಲ ಭಾವ," ಎಂದ ನನ್ನ ತಮ್ಮ ತ್ರೂಕ್, ಆಕಾಶ ನೋಡುತ್ತ.

ಅವನು ಆಕಾಶ ನೋಡಿದನೆಂದರೆ ಸುಳ್ಳು ಹೇಳುತ್ತಿದ್ದಾನೆ ಎಂದೇ ಅರ್ಥ. ಎತ್ತಿ ಆಡಿಸಿದವಳಿಗೆ ಅಷ್ಟೂ ಗೊತ್ತಾಗದೇ?

"ಬೈಕಿನ ಸೀಟು ಎತ್ತೋ," ಎಂದೆ.

"ಏನಿಲ್ಲಕ್ಕಾ, ಒಂದು ಹಳೇ ಟವೆಲ್ಲು..."

"ಎತ್ತೋ ಅಂದೆ!"

ಟವೆಲ್ಲಿನಡಿ ನಾಲ್ಕು ಉರುಲು. ಜನ ಹೋ ಎಂದರು. ಆಣೆ ಮಾಡಿಸಿದ್ದ ಊರ ಯಜಮಾನ ಅರಾತ್ ಅವನನ್ನು ದುರುಗುಟ್ಟಿ ನೋಡಿದ. "ಥೂ, ಮಾನ ಕಳೆದ್ಯಲ್ಲೋ!" ಎಂದ. ಆಮೇಲೆ ಮೆಲ್ಲಗೆ ತನ್ನ ಬೈಕಿನತ್ತ ನಡೆದ.

"ನಿಮ್ದೆಷ್ಟು ಯಜಮಾನ್ರೇ?" ಎಂದು ಕೇಳಿದೆ.

"ಆರು ಕಣಮ್ಮ. ಕಷ್ಟಕಾಲಕ್ಕೆ ಇರ್ಲಿ ಅಂತ..."

ಕಷ್ಟಕಾಲ ಬಂದೇ ಬಿಟ್ಟಿತ್ತಲ್ಲ! ಒಂದರ ಹಿಂದೊಂದು ಸೀಟು ಮೇಲೆದ್ದವು. ನೂಯ್ ಕಾಲಬುಡದಲ್ಲಿ ತಂತಿಯ ರಾಶಿ ಬಿತ್ತು.

ಅವನು ಯಾರನ್ನೂ ಬೈಯಲಿಲ್ಲ. ಮುರಿದ ಕಾಲನ್ನು ಜೋಡಿಸಿ, ಎಳೆದಷ್ಟೂ ಬಿಗಿಯುವ ಆ ಹಳೆಯ ಉರುಲುಗಂಟನ್ನೇ ಹಾಕತೊಡಗಿದ.

"ಅವತ್ತೂ ಇದೇ ಕಾಲಿಗೆ ಬಿಗಿದಿತ್ತು ಕಣೇ," ಎಂದ ನನಗಷ್ಟೇ ಕೇಳುವಂತೆ.

"ಅವತ್ತು ಬೀಳ್ಸೋಕೆ. ಇವತ್ತು ನಿಲ್ಸೋಕೆ ಕಟ್ಟು," ಎಂದೆ.

ಮೃಗವನ್ನು ಎತ್ತಿ ಹಿಡಿದಿದ್ದ ಹಗ್ಗ ಬಿಟ್ಟೆವು. ನಿಂತಿತು! ನಾಲ್ಕೂ ಕಾಲಮೇಲೆ, ಕೊಂಬೆರಡೂ ಗುಡ್ಡದ ಕಡೆಗೆ. ಅಧಿಕಾರಿ ಎರಡು ಕೈಯಲ್ಲಿ ತಳ್ಳಿ ನೋಡಿದ, ಗಂಟು ಇನ್ನಷ್ಟು ಬಿಗಿಯಿತು. ತಮಟೆ ಬಡಿದರು. ನಾವು ಹೆಂಗಸರು ಅಂಗೈ ಮೇಲೆತ್ತಿ ಕುಣಿದೆವು. ಅರವತ್ತರ ನಾನೂ ಬೆವರಿಳಿಯುವವರೆಗೆ ಕುಣಿದೆ.

ಹೊರಡುವಾಗ ಯಾರೂ ಯಾರಿಂದಲೂ ಆಣೆ ಮಾಡಿಸಲಿಲ್ಲ. ಊರಿಗೆ ಮರಳಿದ ಹದಿನೇಳು ಬೈಕುಗಳ ಸೀಟಿನಡಿ ಹಳೇ ಟವೆಲ್ಲು ಬಿಟ್ಟರೆ ಏನೂ ಇರಲಿಲ್ಲ.