ಮಂಚದ ಕಾಲಿಗೆ ಕಟ್ಟಿದ ಸೆರಗು

ಕಬ್ಬಿಣದ ಮಂಚದ ಕಾಲು ನೆಲಕ್ಕೆ ಉಜ್ಜಿದ ಸದ್ದು ಅದು. ಜೋರಾಗೇನೂ ಇರಲಿಲ್ಲ. ಯಾರೋ ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ, ಒಂದೇ ಸಲ. ನಡುರಾತ್ರಿ ದಾಟಿತ್ತು. ಗಂಡಸರ ಕಡೆಯ ಕೋಣೆಯಲ್ಲಿ ಪಾಪಯ್ಯನ ಬೆನ್ನಿಗೆ ಕೈಕೊಟ್ಟು ಎತ್ತಿ ಕೂರಿಸುತ್ತಿದ್ದ ನರ್ಸ್ ವನಜಾಕ್ಷಿಗೆ ಅದು ಯಾವ ಮಂಚವೆಂದು ಗೊತ್ತಾಯಿತು. ಯಾಕೆ ಉಜ್ಜಿತು ಎನ್ನುವುದೂ ಗೊತ್ತಾಯಿತು. ಅದರ ಹಿಂದೆಯೇ ಇನ್ನೊಂದು ಸದ್ದು ಬಂತು, ಮೆತ್ತಗೆ, ರಾಗಿ ಮೂಟೆಯನ್ನು ಹೆಗಲಿನಿಂದ ಇಳಿಸಿದ ಹಾಗೆ.

"ಏನಮ್ಮಾ ಅದು?" ಎಂದ ಪಾಪಯ್ಯ.

"ಏನಿಲ್ಲ ತಾತ. ಅಲ್ಲಾಡ್ದೆ ಕೂತಿರಿ, ಈಗ ಬಂದೆ."

ಅವಳು ಓಡಿದಳು. ಹೆಂಗಸರ ಕಡೆಯ ಕೋಣೆಯಲ್ಲಿ ಉದ್ದನಪಲ್ಲಿಯ ರಾಮಕ್ಕ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದಳು. ಸೆರಗು ಹಗ್ಗದಂತೆ ಬಿಗಿದು ಮಂಚದ ಕಾಲಿನವರೆಗೆ ಚಾಚಿತ್ತು. ವನಜಾಕ್ಷಿ ಮೊದಲು ಹೋಗಿದ್ದು ಮುದುಕಿಯ ಮುಖದ ಹತ್ತಿರಕ್ಕಲ್ಲ, ಆ ಗಂಟಿನ ಹತ್ತಿರಕ್ಕೆ. ಎಳೆತಕ್ಕೆ ಗಂಟು ಕಲ್ಲಾಗಿತ್ತು. ಉಗುರು ಹಾಕಿದಳು, ಆಗಲಿಲ್ಲ. ಬಗ್ಗಿ ಹಲ್ಲಿನಿಂದ ಕಚ್ಚಿ ಎಳೆದಳು. ಅಷ್ಟು ಹೊತ್ತೂ ಪಕ್ಕದಲ್ಲೇ ರಾಮಕ್ಕ ನರಳುತ್ತಿದ್ದಳು: "ಕರ ಕಿತ್ಕೊಂಡ್ಬುಟ್ಟೈತೆ ಕಣ್ಲಾ ತಿಮ್ಮಾ, ಹಾಲೆಲ್ಲಾ ಕುಡ್ಕೊಂಡ್ಬುಡ್ತದೆ, ಹಿಡ್ಕಳ್ಲಾ..."

ಗಂಟು ಬಿಚ್ಚಿತು. ಆಮೇಲೆಯೇ ವನಜಾಕ್ಷಿ, "ಸಿಸ್ಟರ್!" ಎಂದು ಕೂಗಿದ್ದು.

ರಾಯಕೋಟೆ ರಸ್ತೆಯ ಆ ಟ್ರಸ್ಟ್ ಆಸ್ಪತ್ರೆಯಲ್ಲಿ ವಯಸ್ಸಾದವರಿಗೆಂದೇ ಒಂದು ವಾರ್ಡ್ ಇತ್ತು. ಹೊಸೂರಿನ ಸುತ್ತಮುತ್ತ ಅಂಥದ್ದು ಇನ್ನೊಂದಿರಲಿಲ್ಲ. ಹಟ ಹಿಡಿದು ಅದನ್ನು ಶುರುಮಾಡಿಸಿ, ಮೊದಲಿನಿಂದ ನಡೆಸಿಕೊಂಡು ಬಂದವರು ಸಿಸ್ಟರ್ ರುಕ್ಮಿಣಮ್ಮ. ಮಿಕ್ಕ ನರ್ಸುಗಳು ಅಲ್ಲಿ ಡ್ಯೂಟಿ ಬಿದ್ದರೆ ಮುಖ ಸಿಂಡರಿಸುತ್ತಿದ್ದರು. "ಹೆರಿಗೆ ವಾರ್ಡಾಗಿದ್ರೆ ನಾಮಕರಣಕ್ಕಾದ್ರೂ ಕರೀತಾರೆ ಕಣೆ. ಇಲ್ಲಿ ತಿಥಿ ವಡೆಗೂ ಗತಿಯಿಲ್ಲ" ಎಂದು ನಗುತ್ತಿದ್ದರು. ಬೆಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿ ಬಂದ ಗುಮ್ಮಳಾಪುರದ ವನಜಾಕ್ಷಿ ತಾನಾಗಿಯೇ ಈ ವಾರ್ಡ್ ಕೇಳಿ ಪಡೆದಾಗ ಎಲ್ಲರಿಗೂ ಆಶ್ಚರ್ಯ. ಅವಳ ಜೊತೆ ಓದಿದವರು ಕುವೈತ್, ಮಸ್ಕತ್ ಎಂದು ಹೊರಟಿದ್ದರು. ಅಷ್ಟು ದೂರ ಹೋಗಲು ಅವಳಿಗೆ ಧೈರ್ಯವಿರಲಿಲ್ಲ. ಆದರೆ ಮೇಲಕ್ಕೆ ಹೋಗುವ ಆಸೆ ಇತ್ತು. ಬೇರೆ ವಾರ್ಡುಗಳಲ್ಲಿ ತಲೆಯ ಮೇಲೆ ಯಾರಾದರೊಬ್ಬರು ಇದ್ದೇ ಇರುತ್ತಾರೆ, ಇಲ್ಲಿ ರುಕ್ಮಿಣಮ್ಮನ ನಂತರ ಯಾರೂ ಇಲ್ಲ ಎಂದು ಅವಳು ಲೆಕ್ಕ ಹಾಕಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ಬಂದ ಮೇಲೆ ಆ ಮುದುಕ ಮುದುಕಿಯರ ಮೇಲೆ ನಿಜವಾಗಿಯೂ ಅಕ್ಕರೆ ಹುಟ್ಟಿತ್ತು ಎನ್ನುವುದನ್ನೂ ಹೇಳಿರಲಿಲ್ಲ.

ಆ ವರ್ಷ ಟ್ರಸ್ಟಿನವರು ಒಬ್ಬ ನರ್ಸನ್ನು ಮದರಾಸಿಗೆ, ವೃದ್ಧರ ಶುಶ್ರೂಷೆಯ ತರಬೇತಿಗೆ ಕಳಿಸುವುದೆಂದು ತೀರ್ಮಾನಿಸಿದ್ದರು. ಹೋಗಿ ಬಂದವರು ಮುಂದೆ ಈ ವಾರ್ಡಿನ ಮುಖ್ಯಸ್ಥೆ. ರುಕ್ಮಿಣಮ್ಮನೇ ವನಜಾಕ್ಷಿಯ ಹೆಸರು ಹೇಳಿದ್ದರು. "ಈ ವಯಸ್ನಾಗೆ ನನಗ್ಯಾಕವ್ವ ಮದ್ರಾಸು? ನೀನು ಹೋಗಿ ಕಲ್ತ್ಕೊಂಡು ಬಾ. ಅಲ್ಲೀಗಂಟ ನಾನು ನೋಡ್ಕೊಂಡಿರ್ತೀನಿ. ನೀನು ಬಂದ್ಮೇಲೆ ನಿನ್ನ ಕೈಕೆಳಗೆ ಕೆಲಸ ಮಾಡ್ತೀನಿ, ಬೈಬೇಡ ಅಷ್ಟೆ."

ಸೆರಗಿನ ಗಂಟು ರುಕ್ಮಿಣಮ್ಮನ ಪದ್ಧತಿ. ಕಡಲೆಕಾಯಿ ಹೊಲದಲ್ಲಿ ಹೆಂಗಸರು ಮರದ ನೆರಳಿಗೆ ಒರಗುವಾಗ ಅಂಬೆಗಾಲಿಡುವ ಮಗುವಿನ ಸೊಂಟಕ್ಕೆ ತಮ್ಮ ಸೆರಗು ಕಟ್ಟಿಕೊಳ್ಳುತ್ತಾರಲ್ಲ, ಹಾಗೆ. ರಾಮಕ್ಕನಂತೆ ಬುದ್ಧಿ ಮಂಕಾಗಿ ರಾತ್ರಿ ಎದ್ದು ಹೊರಡುವವರ ಸೆರಗಿನ ತುದಿಯನ್ನು, ಪಕ್ಕದಲ್ಲಿ ಕೂತ ನರ್ಸ್ ತನ್ನ ಮಣಿಕಟ್ಟಿಗೆ ಕಟ್ಟಿಕೊಳ್ಳಬೇಕು. ಅವರು ಎದ್ದರೆ ಇವಳಿಗೆ ಗೊತ್ತಾಗುತ್ತದೆ, ಇವಳೂ ಜೊತೆಗೆ ಎದ್ದು ನಾಲ್ಕು ಹೆಜ್ಜೆ ನಡೆಸಿ, ಮಾತಾಡಿಸಿ, ಮಲಗಿಸುತ್ತಾಳೆ. ಬೇರೆ ಕೆಲಸ ಬಂದರೆ ಒಳಕೋಣೆಯಲ್ಲಿ ಮಲಗಿರುವ ಇನ್ನೊಬ್ಬರನ್ನು ಎಬ್ಬಿಸಿ ಗಂಟನ್ನು ಅವರ ಕೈಗೆ ಬದಲಾಯಿಸಿಯೇ ಹೋಗಬೇಕು. "ಕೈಗೇ ಕಟ್ಕೋಬೇಕು, ಕಬ್ಬಿಣಕ್ಕಲ್ಲ" ಎಂದು ರುಕ್ಮಿಣಮ್ಮ ಹೊಸಬರಿಗೆಲ್ಲ ಹೇಳುತ್ತಿದ್ದರು. "ಕೈಗೆ ಎಚ್ಚರಾಯ್ತದೆ. ಕಬ್ಬಿಣಕ್ಕೆ ಎಚ್ಚರಾಯ್ತದಾ?"

ಆ ರಾತ್ರಿ ಒಳಕೋಣೆಯಲ್ಲಿ ಮಲಗಿದ್ದವರು ರುಕ್ಮಿಣಮ್ಮ. ಪಾಪಯ್ಯ ಕೂಗಿದಾಗ ವನಜಾಕ್ಷಿ ಆ ಬಾಗಿಲ ಕಡೆ ನೋಡಿದಳು. ಹಿಂದಿನ ವಾರ ಟ್ರಸ್ಟಿನ ಡಾಕ್ಟರು ಎಲ್ಲರ ಎದುರಿಗೆ, ಈ ಹುಡುಗಿ ರಾತ್ರಿ ಒಬ್ಬಳೇ ಎರಡೂ ಕಡೆ ನಿಭಾಯಿಸುತ್ತಾಳೆ, ಯಾರನ್ನೂ ಎಬ್ಬಿಸುವುದಿಲ್ಲ ಎಂದು ಹೊಗಳಿದ್ದರು. ಆ ಮಾತು ಅವಳಿಗೆ ಸಿಹಿಯಾಗಿತ್ತು. ಎಬ್ಬಿಸಲಿಲ್ಲ. ಮಣಿಕಟ್ಟಿನ ಗಂಟು ಬಿಚ್ಚಿ ಮಂಚದ ಕಾಲಿಗೆ ಸುತ್ತಿದಳು. ಒಂದು ಗಳಿಗೆ ಅಷ್ಟೇ ಅಂದುಕೊಂಡಳು.

ಕೂಗಿಗೆ ರುಕ್ಮಿಣಮ್ಮ ಎದ್ದು ಬಂದರು. ರಾಮಕ್ಕನ ಕಾಲು ಹೊರಳಿಕೊಂಡಿದ್ದ ರೀತಿ ನೋಡಿಯೇ ಅವರಿಗೆ ಅರ್ಥವಾಯಿತು. ತೊಡೆಯ ಎರಡೂ ಪಕ್ಕಕ್ಕೆ ದಿಂಬು ಕೊಟ್ಟು ಅಲುಗದಂತೆ ಮಾಡಿ, ಹಣೆ ಸವರಿದರು. "ಕರ ಕಟ್ಟಾಕಿದ್ದೀನಿ ಅಜ್ಜಿ. ಸುಮ್ಕೆ ಮಲಕ್ಕ" ಎಂದರು. ಆಮೇಲೆ ತಲೆಯೆತ್ತಿ, "ಸೆರಗು ನಿನ್ನ ಕೈಯಾಗೇ ಇತ್ತಾ?" ಎಂದು ಕೇಳಿದರು.

"ಇತ್ತು ಸಿಸ್ಟರ್" ಎಂದಳು ವನಜಾಕ್ಷಿ. "ಬಿಚ್ಕೊಂಡು ಹೋಯ್ತು."

ತನ್ನ ದನಿ ಅಷ್ಟು ಸರಾಗವಾಗಿ ಬಂದದ್ದು ಅವಳಿಗೇ ಹೊಸದು. ನಾಲಿಗೆಗೆ ಸೀರೆಯ ನೂಲೊಂದು ಅಂಟಿಕೊಂಡಿತ್ತು. ರುಕ್ಮಿಣಮ್ಮ ಅತ್ತ ತಿರುಗುವವರೆಗೂ ಅವಳು ಅದನ್ನು ಹಾಗೇ ಇಟ್ಟುಕೊಂಡಿದ್ದಳು.

ತೊಡೆಯ ಮೂಳೆ ಮುರಿದಿತ್ತು. ಈ ವಯಸ್ಸಿಗೆ ಆಪರೇಷನ್ ತಡೆಯುವುದಿಲ್ಲ, ಇನ್ನು ಮಲಗಿದ ಕಡೆಯೇ ಎಂದರು ಡಾಕ್ಟರು. ರಾಮಕ್ಕನನ್ನು ಕಾಯುವ ಕೆಲಸ ಮುಗಿಯಿತು. ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಾಯಿಸುವ ಕೆಲಸ ಶುರುವಾಯಿತು. ವನಜಾಕ್ಷಿ ಅದನ್ನು ಬೇರೆ ಯಾರಿಗೂ ಬಿಡಲಿಲ್ಲ. ಡ್ಯೂಟಿ ಇಲ್ಲದ ಹೊತ್ತಿನಲ್ಲೂ ಬಂದು ಹಿಮ್ಮಡಿ, ಸೊಂಟ, ಭುಜ ನೋಡುತ್ತಿದ್ದಳು, ಕೆಂಪಾದ ಕಡೆ ಮೃದುವಾಗಿ ತೊಳೆದು ಒಣಗಿಸಿ ಪೌಡರ್ ಹಾಕುತ್ತಿದ್ದಳು. ಅದನ್ನು ಕಂಡವರು ಅವಳನ್ನು ಇನ್ನಷ್ಟು ಹೊಗಳಿದರು. ಹೊಗಳಿದಷ್ಟೂ ಅವಳಿಗೆ ಅನ್ನ ಸೇರದಾಯಿತು.

ಟ್ರಸ್ಟಿನವರು ಬಂದರು. ಮದರಾಸಿನಿಂದ ಬಂದಿದ್ದ ಅಧ್ಯಕ್ಷರು ಬಿದ್ದ ವಿಷಯ ಕೇಳಿದರು. ವನಜಾಕ್ಷಿ ಬಾಯಿ ತೆರೆಯುವ ಮೊದಲೇ ರುಕ್ಮಿಣಮ್ಮ ಎದ್ದು ನಿಂತರು. ಸೆರಗು ಕಟ್ಟಿಕೊಳ್ಳುವುದು ನನ್ನ ಪದ್ಧತಿ, ಗಂಟು ಜಾರಬಹುದೆಂದು ನಾನು ಯೋಚಿಸಬೇಕಿತ್ತು, ಹುಡುಗಿಯ ತಪ್ಪಿಲ್ಲ ಎಂದು ತಮಿಳಿನಲ್ಲಿ ಹೇಳಿದರು.

"ಮಾಟ್ಟೈ ಕಟ್ಟುರ ಮಾದಿರಿಯಾ?" ಎಂದರು ಅಧ್ಯಕ್ಷರು. ದನ ಕಟ್ಟುವ ಹಾಗೋ? ಕೂತವರಲ್ಲಿ ಇಬ್ಬರು ನಕ್ಕರು. ಇಷ್ಟು ವರ್ಷ ದುಡಿದ ರುಕ್ಮಿಣಮ್ಮನ ಮುಖ ಕೆಂಪಾಯಿತು. ಆದರೂ ಅವರು ಕೂರಲಿಲ್ಲ. ವಾರ್ಡಿನಲ್ಲಿ ಏನೇ ಆದರೂ ಹೊಣೆ ನನ್ನದು ಎಂದು ಮತ್ತೊಮ್ಮೆ ಹೇಳಿಯೇ ಕೂತರು. ಪಕ್ಕದ ಕುರ್ಚಿಯಲ್ಲಿ ವನಜಾಕ್ಷಿ ತನ್ನ ಕೈಗಳನ್ನೇ ನೋಡುತ್ತಿದ್ದಳು. ಎದ್ದು ನಿಲ್ಲಬೇಕು ಅಂದುಕೊಂಡಳು. ಏಳಲಿಲ್ಲ.

ರುಕ್ಮಿಣಮ್ಮನನ್ನು ಬೇರಿಕೆಯಲ್ಲಿದ್ದ ಟ್ರಸ್ಟಿನ ಚಿಕ್ಕ ದವಾಖಾನೆಗೆ, ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸಕ್ಕೆ ಹಾಕಿದರು. ಮದರಾಸಿಗೆ ವನಜಾಕ್ಷಿ ಎಂದು ತೀರ್ಮಾನವಾಯಿತು; ಹೊರಡುವವರೆಗೆ ವಾರ್ಡೂ ಅವಳದೇ.

ಆ ಭಾನುವಾರ ರಾಮಕ್ಕನ ಮಗ ತಿಮ್ಮರಾಯಪ್ಪ ಸೈಕಲ್ಲಿನಲ್ಲಿ ಬಂದ. ಇದ್ದ ಹೊಲದಲ್ಲಿ ರಾಗಿ ಬೆಳೆದುಕೊಂಡು, ಹೊಸೂರಿನ ಫ್ಯಾಕ್ಟರಿಯೊಂದಕ್ಕೆ ಶಿಫ್ಟಿಗೆ ಹೋಗುತ್ತಿದ್ದವನು ಅವನು. ವನಜಾಕ್ಷಿ ಅವನ ತಾಯಿಗೆ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದಳು. ಅವನು ನಿಂತು ನೋಡಿದ.

"ನಿಮ್ಮ್ ಹೊಟ್ಟೆ ತಣ್ಣಗಿರ್ಲಿ ನರ್ಸಮ್ಮ. ಹೆತ್ತ ಮಗಳೂ ಇಂಗೆ ಮಾಡಾಕಿಲ್ಲ."

ಅವಳಿಗೆ ತಡೆಯಲಾಗಲಿಲ್ಲ. ಅವನನ್ನು ಹೊರಗೆ ಹೊಂಗೆ ಮರದ ಹತ್ತಿರ ಕರೆದುಕೊಂಡು ಹೋಗಿ ಹೇಳಿಬಿಟ್ಟಳು. ಮಂಚಕ್ಕೆ ಕಟ್ಟಿದ್ದು, ಅವರು ಎದ್ದಾಗ ಸೆರಗು ಎಳೆದು ಬೀಳಿಸಿದ್ದು, ಬಿದ್ದವರನ್ನು ಬಿಟ್ಟು ಮೊದಲು ಗಂಟು ಬಿಚ್ಚಿದ್ದು, ಎಲ್ಲ.

ಅವನು ಹೆಗಲ ಟವೆಲ್ ಕೆಳಗಿಳಿಸಿದ. "ಕಟ್ಟಿದ್ರಾ?"

"ಹೌದು."

"ಓದ್ದೋರು ನೀವು! ಕಟ್ಟಾಕೋದಾದ್ರೆ ನಮ್ಮ ಕೊಟ್ಟಿಗೆ ಇರ್ಲಿಲ್ವಾ? ಇಲ್ಲೀಗಂಟ ಹೊತ್ಕೊಂಡು ಬರ್ಬೇಕಿತ್ತಾ?" ಎಂದು ಕಿರುಚಿ, ಸೈಕಲ್ಲಿನ ಕಡೆ ಹೋದ. ಡಾಕ್ಟರ ಹತ್ತಿರ ಹೋಗುತ್ತಾನೆ ಎಂದುಕೊಂಡಳು ವನಜಾಕ್ಷಿ. ಹೋಗಲಿ ಎಂದೂ ಅಂದುಕೊಂಡಳು. ಅವನು ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತೇ ಇದ್ದ. ಬಹಳ ಹೊತ್ತಾದ ಮೇಲೆ ತಿರುಗಿ ಬಂದ.

"ನಾನೂ ಕಟ್ಟಿದ್ದೆ" ಎಂದ. "ಶಿಫ್ಟ್‌ಗೆ ಹೋಗೋವಾಗ, ನಡುಮನೆ ಕಂಬಕ್ಕೆ. ಹಗ್ಗ ಒತ್ತದೇ ಇರ್ಲಿ ಅಂತ ಹಳೇ ಪಂಚೆ ಸುತ್ತಿದ್ದೆ. ನಮ್ಮಣ್ಣ ಕೊಂಡಪ್ಪ ನೋಡ್ಬುಟ್ಟು ಊರಿಗೆಲ್ಲಾ ಸಾರ್ದ. ಅವ್ನೇನು ಒಂದಿನ ಇಟ್ಕೊಂಡ್ನಾ? ಇಲ್ಲ. ಉಗಿಯಾಕ್ ಮಾತ್ರ ಬಂದ. ಇಲ್ಲಿ ಯಾರ್ನೂ ಕಟ್ಟಾಕಾಕಿಲ್ಲ, ನಾವೇ ಕಟ್ಟಿಸ್ಕೊಂಡು ಕೂತಿರ್ತೀವಿ ಅಂತ ದೊಡ್ಡ ಸಿಸ್ಟರಮ್ಮ ಅಂದ್ಲು, ಅದ್ಕೇ ತಂದೆ."

ಅವನು ವಾರ್ಡಿನ ಕಿಟಕಿಯ ಕಡೆ ನೋಡಿದ.

"ಈಗ ಇಲ್ಲೂ ಕಟ್ಟಿ ಕೆಡವಿದ್ರು ಅಂತ ಗೊತ್ತಾದ್ರೆ, ನಮ್ಮಣ್ಣ, ಊರೋರು ಎಲ್ಲಾ ಕರ್ಕೊಂಡ್ಬಾ ಮನೇಗೆ ಅಂತಾರೆ. ಕರ್ಕೊಂಡೋದ್ರೆ ಮಗ್ಗಲು ಯಾರು ಬದ್ಲಾಯಿಸ್ತಾರೆ? ಹುಳ ಬಿದ್ದು ಸಾಯ್ತಾಳೆ ನಮ್ಮವ್ವ." ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ನಾನು ಬಾಯಿಬಿಡಾಕಿಲ್ಲ. ನೀವೂ ಬಿಡ್ಬೇಡಿ. ಅವಳ್ನ ಚೆನ್ನಾಗಿ ನೋಡ್ಕಳಿ, ಅಷ್ಟೇ ಸಾಕು."

ಅವನು ಒಳಗೆ ಹೋಗಿ ತಾಯಿಯ ಪಕ್ಕ ಕೂತ. ವನಜಾಕ್ಷಿ ಮರದ ಕೆಳಗೇ ನಿಂತಳು. ಶಿಕ್ಷೆ ಕೇಳಲು ಹೋದವಳಿಗೆ ಜೊತೆಗಾರ ಸಿಕ್ಕಿದ್ದ. ಎದೆಯಿಂದ ಏನೋ ಇಳಿದಂತಾಯಿತು. ಇಳಿದಂತಾದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅವನೊಬ್ಬ ಕ್ಷಮಿಸಿದರೆ ರುಕ್ಮಿಣಮ್ಮ ಹೊತ್ತ ತಪ್ಪು ಎಲ್ಲಿಗೆ ಹೋಯಿತು? ಸಂಜೆ ಅವರಿಗೆ ಹೇಳಿಬಿಡಬೇಕು, ಅವರೊಬ್ಬರಿಗಾದರೂ ಹೇಳಬೇಕು ಎಂದು ನಿಶ್ಚಯಿಸಿದಳು.

ಸಂಜೆ ರುಕ್ಮಿಣಮ್ಮ ಕೊನೆಯ ಸಲ ವಾರ್ಡ್ ಸುತ್ತಿದರು. ಪ್ರತಿ ಮಂಚದ ಹತ್ತಿರ ನಿಂತು, ಯಾರಿಗೆ ಮಾತ್ರೆ ಕಹಿ, ಯಾರು ನೀರು ಕುಡಿಯದೆ ಮೋಸ ಮಾಡುತ್ತಾರೆ, ಯಾರಿಗೆ ತೆಲುಗಿನಲ್ಲಿ ಗದರಿದರೆ ಮಾತ್ರ ಕೇಳಿಸುತ್ತದೆ ಎಂದು ವನಜಾಕ್ಷಿಗೆ ಹೇಳುತ್ತಾ ಬಂದರು. "ಪಾಪಯ್ಯಂಗೆ ಬೀಡಿ ಕೊಡ್ಬೇಡ. ಕೇಳ್ದಾಗ ಮಾತ್ರ ಒಂದು ಕೊಡು" ಎಂದರು. ರಾಮಕ್ಕನ ಮಂಚದ ಹತ್ತಿರ ಬಂದಾಗ ಹೊದಿಕೆ ಸರಿಸಿ ಹಿಮ್ಮಡಿ ನೋಡಿದರು.

"ಒಂಚೂರೂ ಕೆಂಪಾಗಿಲ್ಲ. ನನ್ನ ಕೈಲೂ ಇಷ್ಟು ಚೆನ್ನಾಗಿ ಆಯ್ತಿರ್ಲಿಲ್ಲ ಕಣವ್ವ" ಎಂದರು. ಹೊದಿಕೆ ಮತ್ತೆ ಎಳೆಯುತ್ತಾ ಮುಂದುವರಿಸಿದರು: "ಆ ಗಂಟು ಇಷ್ಟು ವರ್ಷದಾಗೆ ಒಂದ್ಸಲಾನೂ ಬಿಚ್ಕೊಂಡಿರ್ಲಿಲ್ಲ. ನಿನ್ನ ಕೈಯಾಗೆ ಯಾಕೆ ಬಿಚ್ಚಿತು ಅಂತ ಯೋಚ್ನೆ ಮಾಡ್ತಾನೇ ಇದ್ದೀನಿ. ಹಳೇ ಸೀರೆ, ಸವೆದು ನುಣ್ಣಗಾಗಿತ್ತೇನೋ. ನಾನು ನೋಡ್ಬೇಕಿತ್ತು. ಬಿಡು, ಇನ್ಯಾರ್ಗೂ ಅದ್ನ ಹೇಳ್ಕೊಡಾಕಿಲ್ಲ."

ವನಜಾಕ್ಷಿಯ ಬಾಯಿ ತೆರೆಯಿತು. ರುಕ್ಮಿಣಮ್ಮ ಕಾದರು.

"ಏನೋ ಹೇಳ್ಬೇಕು ಅಂತಿದ್ದೀಯ."

ಹೇಳಿದರೆ ಈಕೆ ನಾಳೆ ಬೇರಿಕೆಗೆ ಹೋಗಬೇಕಿಲ್ಲ. ಹೇಳಿದರೆ ಮದರಾಸು ಇಲ್ಲ, ವಾರ್ಡ್ ಇಲ್ಲ, ಬಹುಶಃ ನರ್ಸ್ ಕೆಲಸವೇ ಇಲ್ಲ. ರಾಮಕ್ಕನನ್ನು ಉದ್ದನಪಲ್ಲಿಗೆ ಒಯ್ಯುತ್ತಾರೆ ಎನ್ನುವ ಕಾರಣವೇನೋ ಸುಳ್ಳಲ್ಲ. ಆದರೆ ತನ್ನ ನಾಲಿಗೆಯನ್ನು ಹಿಡಿದಿರುವುದು ಅದಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು.

"ನಾಳೆ ಬಸ್ ಎಷ್ಟೊತ್ತಿಗೆ ಸಿಸ್ಟರ್?" ಎಂದಳು.

"ಬೆಳಿಗ್ಗೇನೇ. ಯಾಕೆ?"

"ನಾನೂ ಬರ್ತೀನಿ. ಟ್ರಂಕು ಹಿಡ್ಕೊಳ್ಳೋಕೆ."

"ಬಾರವ್ವ" ಎಂದು ರುಕ್ಮಿಣಮ್ಮ ಅವಳ ಕೆನ್ನೆ ಮುಟ್ಟಿ ಮುಂದಿನ ಮಂಚಕ್ಕೆ ಹೋದರು.

ವನಜಾಕ್ಷಿ ಹಿಂದೆಯೇ ನಡೆದಳು. ನಾಳೆ ಟ್ರಂಕು ಹೊತ್ತು ಬಸ್ಸಿಗೆ ಏರಿಸುತ್ತೇನೆ, ಕಿಟಕಿಯ ಪಕ್ಕ ಜಾಗ ಹಿಡಿದು ಕೂರಿಸುತ್ತೇನೆ, ಬಸ್ಸು ಹೊರಡುವವರೆಗೂ ನಿಂತಿರುತ್ತೇನೆ ಎಂದುಕೊಂಡಳು. ಆಗಲೂ ಹೇಳುವುದಿಲ್ಲ. ಮದರಾಸಿನಿಂದ ಬಂದ ಮೇಲೂ ಹೇಳುವುದಿಲ್ಲ. ಇವರಿಗೆ ಹೇಳುವುದಿಲ್ಲ, ಇನ್ನು ಯಾರಿಗೂ ಹೇಳುವುದಿಲ್ಲ.