ಸೀಟಿನಡಿಯ ಪೊಟ್ಟಣ

ಕೀಲಿ ತಿರುವಿದರೆ ಕಾರು ಕಿಟಕ್ ಎನ್ನಲೂ ಇಲ್ಲ. ಪಕ್ಕದ ಸೀಟಿನಲ್ಲಿ ಹೆಂಡತಿ ಬಾತ ಕಾಲುಗಳನ್ನು ಚಾಚಿ ಏದುಸಿರು ಬಿಡುತ್ತಿದ್ದಳು. ಎಂಟಕ್ಕೆ ಆಸ್ಪತ್ರೆಯಲ್ಲಿ ಡಯಾಲಿಸಿಸ್. ತಡವಾದರೆ ಮಷೀನು ಬೇರೆಯವರಿಗೆ. ಇನ್ನೆರಡು ದಿನ ಕಾಯುವ ತ್ರಾಣ ಅವಳಲ್ಲಿರಲಿಲ್ಲ.

"ಮತ್ತೆ ಇಲೀನಾ?" ಎಂದಳು.

"ಹಾಳಾದವು! ಇವಕ್ಕೆ ನನ್ನ ಕಾರೇ ಬೇಕಿತ್ತಾ?"

ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ಇಲಿಗಳ ಮುಂದೆ ಸೋತು ಸುಣ್ಣವಾಗಿದ್ದ. ಹೊಗೆಸೊಪ್ಪು ಕಟ್ಟಿದ, ನುಸಿಗುಳಿಗೆ ಇಟ್ಟ, ಗಾಳಿಕಿಂಡಿಗೆಲ್ಲ ಜಾಲರಿ ಬಿಗಿದ. ಊಹೂಂ. ಅಕ್ಕಪಕ್ಕದ ಹತ್ತು ಕಾರು ಬಿಟ್ಟು ಇದಕ್ಕೇ ಗಂಟುಬಿದ್ದಿದ್ದವು. "ಒಳಗೇನು ಮದುವೆ ಊಟ ಇಟ್ಟಿದ್ದೀರಾ ಯಜಮಾನ್ರೇ?" ಎಂದು ಮೆಕ್ಯಾನಿಕ್ ನಕ್ಕಿದ್ದ.

ಬಾಡಿಗೆ ಕಾರಿಗೆ ಫೋನು ಮಾಡಿ ಬಾನೆಟ್ ಎತ್ತಿದ. ವೈರೆಲ್ಲ ಚಿಂದಿ. ಬ್ಯಾಟರಿಯ ಹಿಂದೆ ಇಲಿಗೂಡು; ಅದರಲ್ಲಿ ಒಣರೊಟ್ಟಿಯ ಚೂರು, ಬಿಳಿದಾರ ಸುತ್ತಿದ ಕಾಗದ. ಆ ಗಂಟು ಅವನದೇ. ವಾರಕ್ಕೆ ಮೂರು ಬೆಳಗ್ಗೆ, ಡಾಕ್ಟರು ಹೇಳಿದಂತೆ ಉಪ್ಪಿಲ್ಲದ ರೊಟ್ಟಿ ಸುಟ್ಟು, ದಾರಿಯಲ್ಲಿ ತಿನ್ನು ಎಂದು ಅವಳ ಮಡಿಲಿಗೆ ಹಾಕುತ್ತಿದ್ದ ಪೊಟ್ಟಣ. ಸ್ಟೇರಿಂಗ್ ಹಿಡಿದರೆ ದೇವರೇ ಕೂಗಿದರೂ ಪಕ್ಕಕ್ಕೆ ತಿರುಗದವನು ಎಂದು ಡಿಪೋದಲ್ಲಿ ಹೆಸರಾದವನು. ಅವಳು ತಿಂದಳೋ ಇಲ್ಲವೋ, ಒಮ್ಮೆಯೂ ನೋಡಿರಲಿಲ್ಲ.

ಅವಳ ಸೀಟಿನಡಿ ಕೈಹಾಕಿದ. ಒಂದು, ಎರಡು, ಐದು ಪೊಟ್ಟಣ. ಮೂಲೆಗಳನ್ನು ಇಲಿ ಕಡಿದಿತ್ತು.

"ಏನೇ ಇದು?"

"ಗಂಟಲಲ್ಲಿ ಇಳಿಯಲ್ಲ ರೀ. ನೀವು ನಿದ್ದೆಗೆಟ್ಟು ಮಾಡಿದ್ದು, ಎಸೆಯೋಕೆ ಕೈ ಬರಲಿಲ್ಲ."

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಇನ್ನೇನೋ ಮಾಡ್ತಾ ಕೂರ್ತೀರಿ." ಅವಳು ಉಸಿರಿಗಾಗಿ ನಿಂತಳು. "ನನಗೆ ಸಾಕಾಗಿದೆ."

ಅವನು ಪೊಟ್ಟಣಗಳನ್ನು ಕೆಳಗಿಟ್ಟ. ಅಯ್ಯೋ, ಇಷ್ಟು ದಿನ ಕಾವಲು ಕಾದದ್ದೆಲ್ಲ ಕಾರಿಗೆ!

ಬಾಡಿಗೆ ಕಾರು ಬಂದಾಗ ಎಂಟಕ್ಕೆ ಕಾಲುಗಂಟೆಯಷ್ಟೇ ಉಳಿದಿತ್ತು. ಅವಳನ್ನು ಹಿಂದೆ ಕೂರಿಸಿ, ತಾನೂ ಪಕ್ಕದಲ್ಲೇ ಕೂತ. ಈ ದಿನದ ಪೊಟ್ಟಣ ಬಿಚ್ಚಿ, ರೊಟ್ಟಿ ಮುರಿದು ಮೊದಲ ಬಾರಿಗೆ ಬಾಯಿಗಿಟ್ಟ. ಮಣ್ಣು ತಿಂದಂತಾಯಿತು.

"ಥೂ, ನಾಯೀನೂ ಮೂಸಲ್ಲ ಇದನ್ನ."

"ಇಲಿ ತಿಂತಲ್ಲ," ಎಂದಳು. ತುಟಿಯಂಚಿಗೆ ನಗು ಬಂದು ಹೋಯಿತು.

"ಒಂದೇ ತುತ್ತು ಕಣೇ. ನನ್ನಾಣೆ."

ಅವಳು ಚೂರನ್ನು ತೆಗೆದುಕೊಂಡು ಮುಷ್ಟಿ ಮುಚ್ಚಿದಳು. ಕಾರು ಒಂದು ತಿರುವು ದಾಟಿತು, ಇನ್ನೊಂದು ದಾಟಿತು. ಅವನು ರಸ್ತೆಯತ್ತ ನೋಡಲೇ ಇಲ್ಲ. ಆ ಮುಷ್ಟಿಯನ್ನೇ ನೋಡುತ್ತ ಕುಳಿತಿದ್ದ.